ದೀಪ ಓಡಿಸುವ ಬೋರ್ಡು ಮನೆಯಲ್ಲೇ ಆಗಲಿ, 230 ವೋಲ್ಟ್ ಮಾತ್ರ ಅದರೊಳಗೆ ಬೇಡ

ಮಾನ್ಯ ಸಂಪಾದಕರೇ,

ಗೌರಿ-ಗಣೇಶ ಹತ್ತಿರ ಬಂತೆಂದರೆ ತುಮಕೂರಿನ ಬೀದಿಗಳಲ್ಲಿ ಪೆಂಡಾಲಿನ ಕಂಬ ಏಳುವುದಕ್ಕೆ ಮೊದಲೇ ಯಾರದೋ ಮನೆಯ ಮಹಡಿಯಲ್ಲಿ ಸೋಲ್ಡರಿಂಗ್ ಐರನ್ ಬಿಸಿಯಾಗಿರುತ್ತದೆ. ಚೌತಿಗೆ ಶುರುವಾದ ದೀಪದ ಕೆಲಸ ದಸರಾ, ದೀಪಾವಳಿ ದಾಟಿ ಗೂಳೂರು ಮಹಾಗಣಪತಿಯ ಕಾರ್ತಿಕದವರೆಗೂ ಎಳೆಯುತ್ತದೆ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಶಿವರಾತ್ರಿ, ಸಿದ್ಧಗಂಗೆ ಜಾತ್ರೆ. ಹುಡುಗರು ಸೀರಿಯಲ್ ಸೆಟ್ ಬಾಡಿಗೆಗೆ ತರುವ ಬದಲು ಅದನ್ನು ಓಡಿಸುವ ಬೋರ್ಡನ್ನು ತಾವೇ ಕಟ್ಟುವುದು ಒಳ್ಳೆಯದೇ. ನಮ್ಮ ತಕರಾರು ಒಂದೇ: ಆ ಬೋರ್ಡಿನೊಳಕ್ಕೆ 230 ವೋಲ್ಟ್ ಬರುತ್ತಿದೆ. ಬರಬೇಕಾದ ಅಗತ್ಯವೇ ಇಲ್ಲ. ಅದನ್ನು ಲೆಕ್ಕದ ಸಮೇತ ತಿಳಿಸಲು ಈ ಪತ್ರ. ಉದ್ದವಾಗಿದೆ ಎನಿಸಿದರೆ ದಯವಿಟ್ಟು ಅಂಕಿಗಳನ್ನು ಉಳಿಸಿ ಉಳಿದ ಕಡೆ ಕತ್ತರಿ ಆಡಿಸಿ.

ಅಂಗಡಿಯ ಸೀರಿಯಲ್ ಸೆಟ್ಟಿನ ಜೊತೆ ಬರುವ ಬೆಂಕಿಪೊಟ್ಟಣದ ಗಾತ್ರದ ಡಬ್ಬಿಯನ್ನು ನೋಡಿ. ಒಂದು ಗುಂಡಿ, ಎಂಟು ಬಗೆಯ ಮಿಣುಕು. ಬಿಚ್ಚಿದರೆ ನಾಲ್ಕು ಡಯೋಡು, ಎರಡೋ ನಾಲ್ಕೋ ಪುಟ್ಟ ಎಸ್‌ಸಿಆರ್ (ಕರೆಂಟು ಹತ್ತಿಸುವ ಎಲೆಕ್ಟ್ರಾನಿಕ್ ಸ್ವಿಚ್ಚು), ಕರಿ ಅಂಟಿನ ಹನಿಯ ಕೆಳಗೆ ಕೂತ ಒಂದು ಚಿಪ್ಪು. ಟ್ರಾನ್ಸ್‌ಫಾರ್ಮರ್ ಇಲ್ಲ. ಗೋಡೆಯ ಸಾಕೆಟ್ಟಿಗೂ ಆ ಗುಂಡಿಯ ಕಾಲಿಗೂ ನಡುವೆ ತಡೆ ಎಂಬುದೇ ಇಲ್ಲ. ಮೈನಸ್ಸಿನಂತೆ ಕಾಣುವ ವಯರು ಕೂಡ ನೆಲಕ್ಕೆ ಹೋಲಿಸಿದರೆ ಶಾಕ್ ಹೊಡೆಯುವಂಥದ್ದೇ. ವೋಲ್ಟೇಜಿನ ತುದಿ 325 ಮುಟ್ಟುತ್ತದೆ. ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೂ ವ್ಯತ್ಯಾಸವಾಗದು, ಡಯೋಡಿನ ಬ್ರಿಜ್ ಎರಡೂ ಕಡೆಯನ್ನು ಸಮನಾಗಿ ಅಪಾಯಕ್ಕೆ ಒಡ್ಡಿರುತ್ತದೆ. ಮುಚ್ಚಿದ ಡಬ್ಬಿಯಾಗಿ ಅದು ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರಲಿ. ಕಷ್ಟ ಶುರುವಾಗುವುದು ಅದನ್ನು ಬಿಚ್ಚಿ, ದೊಡ್ಡ ಎಸ್‌ಸಿಆರ್ ಹಾಕಿ, ಹತ್ತು ಸೆಟ್ ಎಳೆಯುವಂತೆ 'ಡೆವಲಪ್' ಮಾಡಿದಾಗ. ಇನ್ನೂ ಮುಂದುವರಿದವರು ಅದರ ಮೈನಸ್ಸನ್ನು ಆರ್ಡುಯಿನೊ ಎಂಬ, ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡಿನ ಗ್ರೌಂಡಿಗೆ ಕೂಡಿಸುತ್ತಾರೆ. ಆ ಬೋರ್ಡಿನ ಯುಎಸ್‌ಬಿ ವಯರು ಲ್ಯಾಪ್‌ಟಾಪಿಗೆ ಹೋಗಿರುತ್ತದೆ, ಲ್ಯಾಪ್‌ಟಾಪು ತೊಡೆಯ ಮೇಲಿರುತ್ತದೆ. ಮುಂದಿನದನ್ನು ಬರೆಯಬೇಕಿಲ್ಲ.

ಇದಕ್ಕೆ ಬದಲು ಎಲ್ಲವನ್ನೂ 12 ವೋಲ್ಟಿಗೆ ಇಳಿಸಿಕೊಳ್ಳಬಹುದು. 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪು ಈಗ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಇದೆ. ಅಂಗಡಿ ಬೋರ್ಡುಗಳ ಅಕ್ಷರದೊಳಗೆ ಹಾಕುವ ಮೂರು ಎಲ್‌ಇಡಿಯ ಮಾಡ್ಯೂಲೂ ಸಿಗುತ್ತದೆ. ಇಲ್ಲಿ ಸಿಗದ ಐಸಿ (ಚಿಪ್ಪು), ಮಾಸ್‌ಫೆಟ್ (ದೀಪದ ಕರೆಂಟು ಹೊರುವ ಎಲೆಕ್ಟ್ರಾನಿಕ್ ಸ್ವಿಚ್ಚು) ಇಂಥವಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ಬಸ್ಸು ಸಾಕು. ಒಂದು ಎಸ್‌ಎಂಪಿಎಸ್, ಅಂದರೆ ಜಾಲರಿ ಡಬ್ಬಿಯ ಪವರ್ ಸಪ್ಲೈ, 230 ಅನ್ನು 12 ಮಾಡಿ ಕೊಡುತ್ತದೆ. ಕರೆಂಟಿನ ಅಪಾಯದ ಭಾಗ ಆ ಡಬ್ಬಿಯ ಎಡಬದಿಯ ಮೂರು ಸ್ಕ್ರೂಗಳಿಗೆ ಮುಗಿಯಿತು. ಬಲಬದಿಯಿಂದ ಆಚೆಗೆ ನೀವು ಏನು ಕಟ್ಟಿದರೂ, ಎಷ್ಟು ತಪ್ಪು ಮಾಡಿದರೂ, ಒದ್ದೆ ಕೈಯಲ್ಲಿ ಆರತಿ ತಟ್ಟೆ ಹಿಡಿದು ಬರುವವರಿಗೆ ಶಾಕ್ ಹೊಡೆಯುವುದಿಲ್ಲ.

ಕಟ್ಟಲು ಸುಲಭವಾದದ್ದು ಹಳೆಯ ಜೋಡಿಯೇ: ಎನ್‌ಇ 555 ಮತ್ತು ಸಿಡಿ 4017. ಐಸಿಗಳೆರಡೂ ಸೇರಿ ಒಂದು ಹೋಟೆಲ್ ಊಟದಷ್ಟು ಬೆಲೆ ಆಗುವುದಿಲ್ಲ, ಪ್ರೋಗ್ರಾಂ ಬರೆಯುವ ಗೊಡವೆಯೂ ಇಲ್ಲ. 555 ತಾಳ ಹಾಕುತ್ತದೆ, 4017 ಆ ತಾಳಕ್ಕೆ ಒಂದೊಂದೇ ಹೆಜ್ಜೆ ಇಡುತ್ತದೆ. 555ರ 8ನೇ ಕಾಲು ಮತ್ತು 4ನೇ ಕಾಲು ಪ್ಲಸ್ಸಿಗೆ, 1ನೇ ಕಾಲು ಮೈನಸ್ಸಿಗೆ. 8ರಿಂದ 7ಕ್ಕೆ 10ಕೆ, ಅಂದರೆ ಹತ್ತು ಸಾವಿರ ಓಮಿನ ರೆಸಿಸ್ಟರ್. 7ರಿಂದ 6ಕ್ಕೆ ಇನ್ನೊಂದು 10ಕೆ, ಅದರ ಜೊತೆ ಸಾಲಾಗಿ 100ಕೆ ಪಾಟ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್. 2 ಮತ್ತು 6ನೇ ಕಾಲುಗಳನ್ನು ಕೂಡಿಸಿ, ಅಲ್ಲಿಂದ ಮೈನಸ್ಸಿಗೆ 10 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್. 5ನೇ ಕಾಲಿನಿಂದ ಮೈನಸ್ಸಿಗೆ 103 ಎಂದು ಬರೆದ ಡಿಸ್ಕ್ ಕೆಪಾಸಿಟರ್. ವೇಗದ ಲೆಕ್ಕ ಹೀಗೆ: 1.44 ಅನ್ನು, ಮೊದಲ ರೆಸಿಸ್ಟರಿಗೆ ಎರಡನೆಯದರ ಇಮ್ಮಡಿ ಕೂಡಿಸಿ ಕೆಪಾಸಿಟರಿನಿಂದ ಗುಣಿಸಿ ಬಂದದ್ದರಿಂದ ಭಾಗಿಸಬೇಕು. ಪಾಟನ್ನು ಒಂದು ತುದಿಗೆ ತಿರುಗಿಸಿದರೆ ಸೆಕೆಂಡಿಗೆ 4.8 ಹೆಜ್ಜೆ, ಇನ್ನೊಂದು ತುದಿಗೆ ತಿರುಗಿಸಿದರೆ 0.6 ಹೆಜ್ಜೆ. ಹಬ್ಬಕ್ಕೆ ಇದಕ್ಕಿಂತ ಹೆಚ್ಚು ಬೇಡ. ಇಡೀ ಪೆಂಡಾಲು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಫಕ್‌ಫಕ್ ಎಂದರೆ ಮೂರ್ಛೆರೋಗ ಇರುವ ಕೆಲವರಿಗೆ ಅದೇ ಕಾರಣವಾಗಿ ಫಿಟ್ಸ್ ಬರಬಹುದು. ಉಳಿದವರಿಗೂ ಅದು ಚೆನ್ನಾಗಿ ಕಾಣುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ, ವೇಗವೇ ಅಂದ ಎಂದುಕೊಂಡವರು ಒಪ್ಪುವುದಿಲ್ಲ.

555ರ 3ನೇ ಕಾಲನ್ನು 4017ರ 14ಕ್ಕೆ ಕೊಡಿ. 4017ರಲ್ಲಿ 16 ಪ್ಲಸ್, 8 ಮತ್ತು 13 ಮೈನಸ್. ಹೊರಬರುವ ಹೆಜ್ಜೆಗಳು ಕಾಲಿನ ಕ್ರಮದಲ್ಲಿಲ್ಲ ಎಂಬುದನ್ನು ನೆನಪಿಡಿ: ಮೊದಲನೆಯದು 3ನೇ ಕಾಲು, ಆಮೇಲೆ 2, 4, 7, 10, 1, 5, 6, 9, 11. ನಾಲ್ಕು ಸಾಲಿನ ಓಟ ಬೇಕಿದ್ದರೆ 3, 2, 4, 7 ಇವನ್ನು ಬಳಸಿ, ಐದನೆಯ ಹೆಜ್ಜೆಯ 10ನೇ ಕಾಲನ್ನು ರೀಸೆಟ್ ಆದ 15ಕ್ಕೆ ಕಟ್ಟಿ. ಈ 15ನೇ ಕಾಲನ್ನು ಯಾವುದಕ್ಕೂ ಕಟ್ಟದೆ ಬಿಟ್ಟವರ ಬೋರ್ಡು ದೆವ್ವ ಹಿಡಿದಂತೆ ಆಡುತ್ತದೆ, ಕೈ ಹತ್ತಿರ ತಂದರೆ ಓಡುತ್ತದೆ, ದೂರ ಸರಿಸಿದರೆ ನಿಲ್ಲುತ್ತದೆ. 13ಕ್ಕೂ ಅದೇ ಮಾತು. 4017ರಂಥ ಸಿಮಾಸ್ ಐಸಿಯ ಒಳಗಾಲು, ಅಂದರೆ ಸಂಕೇತ ತೆಗೆದುಕೊಳ್ಳುವ ಕಾಲು, ಗಾಳಿಯಲ್ಲಿ ತೇಲಬಾರದು.

ಬರೀ ಓಟ ಎರಡು ದಿನಕ್ಕೆ ಬೇಸರವಾಗುತ್ತದೆ. ಪ್ರಭಾವಳಿಗೆ ಒಪ್ಪುವುದು ತುಂಬುವ ದೀಪ: ಮೊದಲ ಸಾಲು ಹತ್ತಿ, ಅದು ಉಳಿದಿರುವಂತೆಯೇ ಎರಡನೆಯದು, ಮೂರನೆಯದು, ನಾಲ್ಕನೆಯದು ಸೇರಿ, ಎಲ್ಲ ಒಮ್ಮೆಗೇ ಆರುವುದು. ಇದಕ್ಕೆ ಹತ್ತು 1ಎನ್4148 ಡಯೋಡು ಸಾಕು. ಮೊದಲ ಹೆಜ್ಜೆಯಿಂದ ಒಂದನೆಯ ಸಾಲಿಗೆ ಒಂದು ಡಯೋಡು, ಎರಡನೆಯ ಹೆಜ್ಜೆಯಿಂದ ಒಂದು-ಎರಡಕ್ಕೆ ಎರಡು, ಮೂರನೆಯದರಿಂದ ಮೂರು, ನಾಲ್ಕನೆಯದರಿಂದ ನಾಲ್ಕು. ಐದನೆಯ ಹೆಜ್ಜೆಗೆ ಏನನ್ನೂ ಕಟ್ಟದಿದ್ದರೆ ಅದೇ ಕತ್ತಲು. ರೀಸೆಟ್ಟನ್ನು ಆರನೆಯದಕ್ಕೆ, ಅಂದರೆ 1ನೇ ಕಾಲಿಗೆ ಒಯ್ಯಿರಿ. ಡಯೋಡಿನ ಕಪ್ಪು ಗೆರೆ ಸಾಲಿನ ಕಡೆಗಿರಬೇಕು.

ಐಸಿ ತಾನೇ ದೀಪ ಎಳೆಯಲಾರದು, ಅದರ ಕೈಗೆ ಕೆಲವೇ ಮಿಲಿ ಆಂಪಿಯರ್. ನಡುವೆ ಮಾಸ್‌ಫೆಟ್ ಬೇಕು. 12 ವೋಲ್ಟಿನ 4017ಕ್ಕೆ ಐಆರ್‌ಎಫ್‌ಝಡ್ 44ಎನ್ ಹೊಂದುತ್ತದೆ. ಅದಕ್ಕೆ ಗೇಟು, ಡ್ರೇನ್, ಸೋರ್ಸ್ ಎಂಬ ಮೂರು ಕಾಲು. ಹೆಜ್ಜೆಯಿಂದ ಗೇಟಿಗೆ 220 ಓಮ್, ಗೇಟಿನಿಂದ ಮೈನಸ್ಸಿಗೆ 10ಕೆ. ಸೋರ್ಸ್ ಮೈನಸ್ಸಿಗೆ, ಡ್ರೇನ್ ಸ್ಟ್ರಿಪ್ಪಿನ ಮೈನಸ್ಸಿಗೆ. ಸ್ಟ್ರಿಪ್ಪುಗಳ ಪ್ಲಸ್ ಎಲ್ಲವೂ ಒಂದೇ ಕಡೆ. 10ಕೆ ಹಾಕುವುದನ್ನು ಮರೆತರೆ ತುಂಬುವ ದೀಪದ ಬೋರ್ಡಿನಲ್ಲಿ ಹತ್ತಿದ ಸಾಲು ಆರುವುದೇ ಇಲ್ಲ. ಗೇಟು ಪುಟ್ಟ ಕೆಪಾಸಿಟರಿದ್ದಂತೆ, ಡಯೋಡಿನ ಮೂಲಕ ತುಂಬಿಕೊಂಡದ್ದಕ್ಕೆ ವಾಪಸು ಹೋಗಲು ದಾರಿ ಬೇಕು. ಹುಡುಗರು ಐಸಿ ಸುಟ್ಟಿತೆಂದು ಹೊಸದನ್ನು ತಂದು ಹಾಕುವ ತಪ್ಪುಗಳಲ್ಲಿ ಇದು ಮೊದಲನೆಯದು.

ಅರ್ಧ ಆಂಪಿಯರಿಗಿಂತ ಕಡಿಮೆಯ ಸಣ್ಣ ಅಲಂಕಾರಕ್ಕೆ ಮಾಸ್‌ಫೆಟ್ಟೂ ಬೇಡ, ಯುಎಲ್‌ಎನ್ 2003 ಎಂಬ ಒಂದೇ ಐಸಿಯಲ್ಲಿ ಏಳು ಸಾಲು ಇವೆ. ಸಾಲೊಂದಕ್ಕೆ 500 ಮಿಲಿ ಆಂಪಿಯರ್ ಎಂದು ಹಾಳೆಯಲ್ಲಿ ಬರೆದಿರುವುದು ಒಂದೇ ಸಾಲು ಹತ್ತಿದಾಗಿನ ಮಾತು. ಏಳೂ ಒಟ್ಟಿಗೆ ಹತ್ತುವುದಾದರೆ ತಲಾ 100 ದಾಟಿಸಬೇಡಿ.

ಎನ್‌ಇ 555ಕ್ಕೆ ಒಂದು ಕೆಟ್ಟ ಚಾಳಿ ಇದೆ. 3ನೇ ಕಾಲಿನ ವೋಲ್ಟೇಜು ಬದಲಾಗುವ ಗಳಿಗೆಯಲ್ಲಿ ಅದು ಸಪ್ಲೈಯಿಂದ ಒಂದು ದೊಡ್ಡ ಗುಟುಕು ಕರೆಂಟು ಎಳೆಯುತ್ತದೆ. ಅದರ ಜರ್ಕಿಗೆ 4017 ಒಂದರ ಬದಲು ಎರಡು ಹೆಜ್ಜೆ ಹಾರುತ್ತದೆ. 555ರ 8 ಮತ್ತು 1ರ ಮಧ್ಯೆ, ಕಾಲಿಗೆ ಅಂಟಿದಂತೆ, 104 ಡಿಸ್ಕೊಂದು, 100 ಮೈಕ್ರೊಫ್ಯಾರಡ್ ಒಂದು ಇಟ್ಟರೆ ಸರಿಹೋಗುತ್ತದೆ. ದೀಪಗಳ ಎಳೆತವೂ ಐಸಿಗಳಿಗೆ ತಾಗದಂತೆ, 12 ವೋಲ್ಟಿನಿಂದ ಐಸಿಗಳಿಗೆ ಹೋಗುವ ದಾರಿಯಲ್ಲಿ ಒಂದು 1ಎನ್4007 ಡಯೋಡು, ಅದರಾಚೆ 470 ಮೈಕ್ರೊಫ್ಯಾರಡ್ ಹಾಕಿ. ಪ್ಲಸ್ ಮೈನಸ್ ತಿರುಗುಮುರುಗಾಗಿ ಕೊಟ್ಟರೂ ಆ ಡಯೋಡು ಐಸಿಗಳನ್ನು ಕಾಯುತ್ತದೆ.

ಬೆಸುಗೆಯ ಬಗ್ಗೆ ಎರಡೇ ಮಾತು. 25 ವ್ಯಾಟಿನ ಐರನ್, 60-40ರ ಸೀಸ, ರಾಳದ ಫ್ಲಕ್ಸ್. ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಫ್ಲಕ್ಸ್ ಹಾಕಿದ ಬೋರ್ಡು ಈ ವರ್ಷ ನಡೆದು ಮುಂದಿನ ವರ್ಷಕ್ಕೆ ಹಸಿರು ಹಿಡಿದಿರುತ್ತದೆ. ವೆರೋಬೋರ್ಡು ಎಂಬ ತೂತು ಹಲಗೆಯ ತಾಮ್ರದ ಪಟ್ಟಿ 6 ಆಂಪಿಯರನ್ನು ತಾಳದು. ಡ್ರೇನ್ ಮತ್ತು ಸೋರ್ಸಿನ ದಾರಿಯ ಮೇಲೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಮಲಗಿಸಿ ಬೆಸೆಯಿರಿ. ಐಸಿಗೆ ಬೇಸ್ ಹಾಕಿ, ಮೊದಲು ಖಾಲಿ ಬೇಸಿನಲ್ಲೇ 12 ವೋಲ್ಟ್ ಸರಿಯಾದ ಕಾಲಿಗೆ ಬರುತ್ತಿದೆಯೇ ಎಂದು ಮೀಟರಿನಲ್ಲಿ ನೋಡಿ, ಆಮೇಲೆ ಐಸಿ ಕೂರಿಸಿ.

ಇನ್ನು ರಿಲೇ, ಅಂದರೆ ಕರೆಂಟು ಕೊಟ್ಟಾಗ ತಾನೇ ಬಡಿಯುವ ಸ್ವಿಚ್ಚು. ಎಂಟು ರಿಲೇಯ ನೀಲಿ ಬೋರ್ಡು ಸುಲಭವಾಗಿ ಸಿಗುತ್ತದೆ, ಟಕ್ ಟಕ್ ಶಬ್ದ ಕೇಳಲು ಮಜವಾಗಿರುತ್ತದೆ. ಅದಕ್ಕೇ ಎಲ್ಲರೂ ಅದರ ಮೇಲೆ ಬೀಳುತ್ತಾರೆ. ಆದರೆ ಲೆಕ್ಕ ಹಾಕಿ. ಆ ಸಕ್ಕರೆ ಅಚ್ಚಿನ ಗಾತ್ರದ ರಿಲೇ ಪೂರ್ಣ ಲೋಡಿನಲ್ಲಿ ಬಾಳುವುದು ಸುಮಾರು ಒಂದು ಲಕ್ಷ ಸಲ. ಸೆಕೆಂಡಿಗೆ ಎರಡು ಸಲ ಬಡಿದರೆ ಸಂಜೆ ಆರರಿಂದ ರಾತ್ರಿ ಹನ್ನೆರಡರವರೆಗೆ 43,200 ಬಡಿತ. ಮೂರನೆಯ ರಾತ್ರಿ ಲಕ್ಷ ದಾಟಿತು. ಲೋಡು ಕಡಿಮೆಯಿದ್ದರೆ ಇನ್ನಷ್ಟು ದಿನ ಬಾಳೀತು, ಆದರೆ ಗೂಳೂರಿನಂತೆ ತಿಂಗಳುಗಟ್ಟಲೆ ಉರಿಯುವ ಅಲಂಕಾರದಲ್ಲಿ ಬಡಿತ ಹದಿಮೂರು ಲಕ್ಷ ಮುಟ್ಟುತ್ತದೆ. ಕೊನೆಯಲ್ಲಿ ಒಳಗಿನ ಬೆಳ್ಳಿ ಬಿಂದುಗಳು ಅಂಟಿಕೊಂಡು ದೀಪ ಹತ್ತಿದ್ದು ಹತ್ತಿದಂತೆಯೇ ಉಳಿಯುತ್ತದೆ, ಇಲ್ಲವೇ ಒಳಗೆ ಕಿಡಿ ಹಾರಿ ಪ್ಲಾಸ್ಟಿಕ್ ಕರಗುತ್ತದೆ. ರಿಲೇ ಇರಲಿ, ಸಂಜೆ ಒಂದು ಸಲ ಹತ್ತಿಸಿ ರಾತ್ರಿ ಒಂದು ಸಲ ಆರಿಸುವುದಕ್ಕೆ. ದೀಪ ಓಡಿಸುವುದಕ್ಕಲ್ಲ.

ರಿಲೇ ಬಿಟ್ಟವರು ಟ್ರಯಾಕಿಗೆ, ಅಂದರೆ 230 ವೋಲ್ಟಿನ ಎಲೆಕ್ಟ್ರಾನಿಕ್ ಸ್ವಿಚ್ಚಿಗೆ, ಹೋಗುತ್ತಾರೆ: ಬಿಟಿ 136, ಅದನ್ನು ಚುಚ್ಚಲು ಎಂಒಸಿ 3021 ಅಥವಾ 3041. ಬಿಸಿ ತಂತಿಯ ಹಳೇ ಬಲ್ಬುಗಳ ಕಾಲದಲ್ಲಿ ಇದು ಸರಿಯಾದ ದಾರಿಯೇ ಆಗಿತ್ತು. ಎಲ್‌ಇಡಿ ಸೆಟ್ಟಿಗೆ ಇದು ಹೊಂದುವುದಿಲ್ಲ. ಟ್ರಯಾಕು ಹಿಡಿದ ಹಿಡಿತ ಬಿಡದಿರಬೇಕಾದರೆ ಅದರಲ್ಲಿ ಕನಿಷ್ಠ ಇಷ್ಟು ಕರೆಂಟು ಹರಿಯುತ್ತಲೇ ಇರಬೇಕು. ಎಲ್‌ಇಡಿ ಸೆಟ್ಟು ಎಳೆಯುವುದು ಅದಕ್ಕಿಂತ ಕಡಿಮೆ, ಹಾಗಾಗಿ ದೀಪ ಬಡಿದುಕೊಳ್ಳುತ್ತದೆ. ಇನ್ನೊಂದು ತಮಾಷೆ, ಆರಿಸಿದರೂ ಆರದ ದೀಪ. ಟ್ರಯಾಕಿಗೆ ಅಡ್ಡಲಾಗಿ ಹಾಕುವ 0.1 ಮೈಕ್ರೊಫ್ಯಾರಡ್ ಕೆಪಾಸಿಟರಿನ ಮೂಲಕವೇ 230 ವೋಲ್ಟ್, 50 ಹರ್ಟ್ಸಿನಲ್ಲಿ 7 ಮಿಲಿ ಆಂಪಿಯರ್ ಸೋರುತ್ತದೆ. ಎಲ್‌ಇಡಿ ಸರ ಬೆಳಗಲು ಅಷ್ಟೇ ಬೇಕಾಗಿರುವುದು. ಇದನ್ನು ಸರಿಪಡಿಸುವ ಉಪಾಯಗಳಿವೆ, ಆದರೆ ಅವೆಲ್ಲ 230 ವೋಲ್ಟಿನ ಬೋರ್ಡಿನ ಮೇಲೆ ಕೈಯಾಡಿಸಿ ಮಾಡಬೇಕಾದವು. ಆ ದಾರಿಯನ್ನು ಇಲ್ಲಿ ಹೇಳಿಕೊಡುವುದಿಲ್ಲ.

ಬಣ್ಣ ಬಣ್ಣದ ಓಟ, ಅಕ್ಷರ, ನವಿಲು ಗರಿ ಬಿಚ್ಚುವುದು, ಇಂಥವು ಬೇಕಾದವರಿಗೆ ಪಿಕ್ಸೆಲ್ ದೀಪಗಳಿವೆ, ಡಬ್ಲ್ಯುಎಸ್ 2811, 2812ಬಿ ಎಂಬ ಹೆಸರಿನವು. ಒಂದೊಂದು ಎಲ್‌ಇಡಿಗೂ ಅದರದೇ ಚಿಪ್ಪು, ಎಲ್ಲಕ್ಕೂ ಒಂದೇ ಡೇಟಾ ವಯರು. ಇಎಸ್‌ಪಿ 32 ಅಥವಾ ಇಎಸ್‌ಪಿ 8266 ಎಂಬ ವೈಫೈ ಬೋರ್ಡಿಗೆ ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ಹಾಕಿದರೆ ಮೊಬೈಲಿನಿಂದಲೇ ನಡೆಸಬಹುದು, ಒಂದು ಸಾಲು ಪ್ರೋಗ್ರಾಂ ಬರೆಯಬೇಕಿಲ್ಲ. ಹಾಡಿಗೆ ತಕ್ಕ ಕುಣಿತ ಬೇಕಿದ್ದರೆ ಎಕ್ಸ್‌ಲೈಟ್ಸ್ ಎಂಬುದಿದೆ, ಅದೂ ಉಚಿತ. ಕಲಿಯಲು ಒಂದು ತಿಂಗಳು ಹಿಡಿಯುತ್ತದೆ, ಚೌತಿಯ ಹಿಂದಿನ ವಾರ ಅದಕ್ಕೆ ಕೈ ಹಾಕಬೇಡಿ.

ಪಿಕ್ಸೆಲ್ಲಿನಲ್ಲಿ ಕೈಕೊಡುವುದು ಪ್ರೋಗ್ರಾಂ ಅಲ್ಲ, ಕರೆಂಟು. 2812ಬಿಯ ಒಂದು ಪಿಕ್ಸೆಲ್ ಪೂರ್ತಿ ಬಿಳಿ ಉರಿದರೆ 60 ಮಿಲಿ ಆಂಪಿಯರ್. ಇನ್ನೂರು ಪಿಕ್ಸೆಲ್ಲಿಗೆ 5 ವೋಲ್ಟಿನಲ್ಲಿ 12 ಆಂಪಿಯರ್. ಒಂದೇ ತುದಿಯಿಂದ ಕೊಟ್ಟರೆ ಸ್ಟ್ರಿಪ್ಪಿನ ತೆಳು ತಾಮ್ರದಲ್ಲಿ ವೋಲ್ಟೇಜು ಇಳಿದು, ಬಿಳಿಯಾಗಿ ಹೊರಟ ಬಣ್ಣ ನಡುವೆ ಹಳದಿಯಾಗಿ ಕೊನೆಗೆ ಕೆಂಪಾಗುತ್ತದೆ. ನೀಲಿ ಮತ್ತು ಹಸಿರು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು, ಹಾಗಾಗಿ ಮೊದಲು ಸೋಲುವುದು ನೀಲಿ. ಬಣ್ಣ ಕೆಂಪಿಗೆ ತಿರುಗಿತೆಂದರೆ ಚಿಪ್ಪನ್ನು ಬೈಯಬೇಡಿ, ಪ್ರತಿ 50 ಪಿಕ್ಸೆಲ್ಲಿಗೊಮ್ಮೆ ದಪ್ಪ ವಯರಿನಲ್ಲಿ 5 ವೋಲ್ಟ್ ಮತ್ತೆ ಕೊಡಿ. 12 ವೋಲ್ಟಿನ 2811 ಸರ ತಂದರೆ ನೂರಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ. ಪೆಂಡಾಲಿನ ದೂರಕ್ಕೆ ನಮ್ಮ ಮತ 12ಕ್ಕೇ.

ಎರಡನೆಯ ತೊಂದರೆ ಡೇಟಾ. 5 ವೋಲ್ಟಿನ ಚಿಪ್ಪು 3.5 ವೋಲ್ಟಿಗಿಂತ ಮೇಲಿದ್ದದ್ದನ್ನು ಮಾತ್ರ 'ಒಂದು' ಎಂದು ಓದುವ ಭರವಸೆ ಕೊಡುತ್ತದೆ, ಇಎಸ್‌ಪಿ ಬೋರ್ಡು ಕೊಡುವುದು 3.3. ಮನೆಯ ಮೇಜಿನ ಮೇಲೆ ಒಂದಡಿ ವಯರಿನಲ್ಲಿ ಅದು ನಡೆದುಬಿಡುತ್ತದೆ, ಪೆಂಡಾಲಿನಲ್ಲಿ ಮೂರು ಮೀಟರ್ ಎಳೆದಾಗ ಬಣ್ಣಗಳು ಚೆಲ್ಲಾಪಿಲ್ಲಿ. 74ಎಚ್‌ಸಿಟಿ 245 ಅಥವಾ 74ಎಎಚ್‌ಸಿಟಿ 125 ಐಸಿಯನ್ನು ನಡುವೆ ಹಾಕಿ 5 ವೋಲ್ಟಿಗೆ ಏರಿಸಬೇಕು. ಎಚ್‌ಸಿ ಅಲ್ಲ, ಎಚ್‌ಸಿಟಿ. ಅಂಗಡಿಯವರು ಎರಡೂ ಒಂದೇ ಎಂದರೆ ನಂಬಬೇಡಿ. ಡೇಟಾ ವಯರಿಗೆ 330 ಓಮ್, ಸ್ಟ್ರಿಪ್ಪಿನ ಬುಡದಲ್ಲಿ 1000 ಮೈಕ್ರೊಫ್ಯಾರಡ್. ಬೋರ್ಡಿನ ಮೈನಸ್ಸೂ ಸ್ಟ್ರಿಪ್ಪಿನ ಮೈನಸ್ಸೂ ಕೂಡಿರಲೇಬೇಕು, ಇಲ್ಲವಾದರೆ ಡೇಟಾಕ್ಕೆ ನೆಲೆಯೇ ಇರುವುದಿಲ್ಲ. ಬಾಣದ ಗುರುತಿನ ದಿಕ್ಕು ನೋಡಿ ಜೋಡಿಸಿ. ಒಂದು ಪಿಕ್ಸೆಲ್ ಸತ್ತರೆ ಅದರಾಚೆಯದೆಲ್ಲ ಕತ್ತಲು, ಹಾಗಾಗಿ ಹತ್ತು ಬಿಡಿ ಪಿಕ್ಸೆಲ್ ಜೇಬಿನಲ್ಲಿರಲಿ. 12ರಿಂದ 5 ವೋಲ್ಟ್ ಮಾಡುವ ಎಲ್‌ಎಂ 2596 ತುಣುಕನ್ನು ಬಳಸುವವರು ಮೊದಲು ಅದರ ಸ್ಕ್ರೂ ತಿರುಗಿಸಿ ಮೀಟರಿನಲ್ಲಿ 5 ಎಂದು ಕಂಡ ಮೇಲೆಯೇ ಇಎಸ್‌ಪಿಗೆ ಜೋಡಿಸಬೇಕು. ಪೊಟ್ಟಣದಿಂದ ತೆಗೆದಾಗ ಅದು ಎಷ್ಟಕ್ಕೆ ನಿಂತಿರುತ್ತದೋ ಹೇಳಲಾಗದು. ವೈಫೈಯ ಮೂಲ ಪಾಸ್‌ವರ್ಡ್ ಬದಲಿಸುವುದನ್ನೂ ಮರೆಯಬೇಡಿ. ಅದು ಎಲ್ಲರಿಗೂ ಗೊತ್ತಿರುವಂಥದ್ದು, ಮಹಾಮಂಗಳಾರತಿಯ ಹೊತ್ತಿಗೆ ಪಕ್ಕದ ಬೀದಿಯ ಹುಡುಗ ಗಣಪನನ್ನು ಡಿಸ್ಕೊ ಮಾಡಿಬಿಡುತ್ತಾನೆ.

12 ವೋಲ್ಟ್ ಶಾಕ್ ಹೊಡೆಯದು ಎಂದೆವು. ಬೆಂಕಿ ಹಚ್ಚದು ಎನ್ನಲಿಲ್ಲ. ಇದನ್ನು ಬಿಡಿಸಿ ಹೇಳಬೇಕು. ಒಂದು ಚದರ ಮಿಲಿಮೀಟರ್ ತಾಮ್ರದ ವಯರಿಗೆ ಮೀಟರಿಗೆ 0.0172 ಓಮ್. ಇಪ್ಪತ್ತು ಮೀಟರ್ ದೂರದ ಕಮಾನಿಗೆ ಹೋಗಿ ಬರುವ ದಾರಿ ನಲವತ್ತು ಮೀಟರ್, 0.69 ಓಮ್. 5 ಆಂಪಿಯರ್ ಹರಿದರೆ 3.4 ವೋಲ್ಟ್ ದಾರಿಯಲ್ಲೇ ಖರ್ಚಾಗಿ ಕಮಾನಿಗೆ ಸಿಗುವುದು 8.6. ದೀಪ ಮಂಕು. ಎರಡೂವರೆ ಚದರದ ವಯರು ಹಾಕಿದರೆ ಖರ್ಚು 1.4ಕ್ಕೆ ಇಳಿಯುತ್ತದೆ. ಇದಕ್ಕಿಂತ ಒಳ್ಳೆಯದು, ಎಸ್‌ಎಂಪಿಎಸ್ಸನ್ನೇ ಕಮಾನಿನ ಬುಡಕ್ಕೆ ಒಯ್ದು ಭದ್ರವಾದ ಡಬ್ಬಿಯಲ್ಲಿಡುವುದು. ಈಗ ಅದೇ ಇಪ್ಪತ್ತು ಮೀಟರಿನ ತುದಿಯಲ್ಲಿ ಪ್ಲಸ್ ಮೈನಸ್ ತಾಗಿ ಶಾರ್ಟ್ ಆಯಿತೆನ್ನಿ. 12 ಅನ್ನು 0.69ರಿಂದ ಭಾಗಿಸಿದರೆ 17 ಆಂಪಿಯರ್. 30 ಆಂಪಿಯರಿನ ಎಸ್‌ಎಂಪಿಎಸ್ಸಿಗೆ ಅದು ಶಾರ್ಟ್ ಎಂದೇ ಅನಿಸುವುದಿಲ್ಲ, ಯಾವುದೋ ದೀಪ ಹತ್ತಿದೆ ಎಂದುಕೊಂಡು ಸುಮ್ಮನೆ ಕೊಡುತ್ತಲೇ ಇರುತ್ತದೆ. ವಯರು ಸುಡುತ್ತದೆ, ಮೇಲೆ ಥರ್ಮೊಕೋಲು, ಬಟ್ಟೆ, ಒಣ ಬಾಳೆಎಲೆ. 'ಒಳಗೇ ಶಾರ್ಟ್ ಪ್ರೊಟೆಕ್ಷನ್ ಇದೆ' ಎಂಬ ಅಂಗಡಿಯ ಮಾತು ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ಸಾಲಿನ ಪ್ಲಸ್ಸಿಗೂ ಎಸ್‌ಎಂಪಿಎಸ್ ಬಿಡುವ ಜಾಗದಲ್ಲೇ ಕಾರಿನ ಬ್ಲೇಡ್ ಫ್ಯೂಸು ಹಾಕಿ, 5 ಆಂಪಿಯರಿನದು. ಇಡೀ ಪತ್ರದಲ್ಲಿ ಒಂದೇ ಒಂದನ್ನು ನೆನಪಿಡುವವರು ಈ ಫ್ಯೂಸನ್ನು ನೆನಪಿಡಲಿ.

ಎಸ್‌ಎಂಪಿಎಸ್ ಎಷ್ಟರದು? ಐದು ಮೀಟರಿನ ಸಾಧಾರಣ ಸ್ಟ್ರಿಪ್ ರೋಲು, ಮೀಟರಿಗೆ 60 ಸಣ್ಣ ಎಲ್‌ಇಡಿಯದು, 24 ವ್ಯಾಟ್, 2 ಆಂಪಿಯರ್. ನಾಲ್ಕು ಸಾಲಿಗೆ ನಾಲ್ಕು ರೋಲು, 8 ಆಂಪಿಯರ್. ಎಂಬತ್ತು ಶೇಕಡದಲ್ಲಿ ಓಡಿಸಬೇಕೆಂದರೆ 10 ಆಂಪಿಯರಿನದು. ಓಟದಲ್ಲಿ ಒಮ್ಮೆಗೆ ಒಂದೇ ಸಾಲು ಹತ್ತುವುದಲ್ಲ ಎಂದು ಚಿಕ್ಕದನ್ನು ತರಬೇಡಿ, ತುಂಬುವ ದೀಪಕ್ಕೆ ಬದಲಿಸಿದ ದಿನ ಅದು ಸೋಲುತ್ತದೆ. 5050 ಎಂಬ ದೊಡ್ಡ ಎಲ್‌ಇಡಿಯ ರೋಲಾದರೆ ಅಷ್ಟೇ ಉದ್ದಕ್ಕೆ 72 ವ್ಯಾಟ್, ಲೆಕ್ಕ ಮೂರು ಪಟ್ಟು, ಆಗ 5ರ ಫ್ಯೂಸೂ ಸಾಲದು, ವಯರು ದಪ್ಪ ಮಾಡಿ ಏಳೂವರೆಯದನ್ನು ಹಾಕಬೇಕು. ಕೆಲವು ಎಸ್‌ಎಂಪಿಎಸ್‌ಗಳ ಜಾಲರಿಯೊಳಗೆ 110-220 ಎಂಬ ಕೆಂಪು ಸ್ವಿಚ್ಚು ಅಡಗಿರುತ್ತದೆ. ಅದು 110ರಲ್ಲಿದ್ದರೆ ಸ್ವಿಚ್ ಹಾಕಿದ ಕ್ಷಣ ಪಟಾಕಿ. ಹೊಸದನ್ನು ಮೊದಲ ಸಲ ಹಚ್ಚುವಾಗ ಎಲೆಕ್ಟ್ರಿಷಿಯನ್ನರ ಹಳೆಯ ಸೀರೀಸ್ ಬಲ್ಬಿನ ಮೂಲಕ ಹಚ್ಚುವುದು ಜಾಣತನ.

ಇನ್ನು ಆ 230ರ ಮೂರು ಸ್ಕ್ರೂ. ಮೂರನೆಯದು ಅರ್ಥ್, ಹೆಚ್ಚಿನ ಪೆಂಡಾಲುಗಳಲ್ಲಿ ಖಾಲಿ ಇರುವುದೂ ಅದೇ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸು-ನ್ಯೂಟ್ರಲ್ ಎರಡರಿಂದಲೂ ತಗಡಿನ ಮೈಗೆ ಕಟ್ಟಿಕೊಂಡಿರುತ್ತವೆ. ಅರ್ಥ್ ಇಲ್ಲದಿದ್ದರೆ ಆ ಮೈ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತದೆ, ಮುಟ್ಟಿದರೆ ಜುಂ ಎನ್ನುತ್ತದೆ. ಕರೆಂಟು ಕಡಿಮೆಯಾದ್ದರಿಂದ ಪ್ರಾಣಕ್ಕೆ ಬಾರದು, ಆದರೆ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತ ಮಗು ಬೆಚ್ಚಿ ದೀಪದ ಕಂಬದ ಮೇಲೆ ಬೀಳಲು ಅಷ್ಟು ಸಾಕು. ಮೀಟರಿನಿಂದ ಬರುವ ದಾರಿಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು), ಅದರ ಹಿಂದೆ 6 ಆಂಪಿಯರಿನ ಎಂಸಿಬಿ (ಕರೆಂಟು ಮಿತಿಮೀರಿದರೆ ಬೀಳುವ ಸ್ವಿಚ್ಚು) ಇರಲೇಬೇಕು. ಹತ್ತಿಪ್ಪತ್ತು ಎಸ್‌ಎಂಪಿಎಸ್‌ಗಳನ್ನು ಒಂದೇ ಆರ್‌ಸಿಸಿಬಿಗೆ ಹಾಕಿದರೆ ಅವುಗಳ ಚಿಕ್ಕಚಿಕ್ಕ ಸೋರಿಕೆ ಕೂಡಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಆಗ ಮಾಡಬೇಕಾದ್ದು ಇನ್ನೊಂದು ಆರ್‌ಸಿಸಿಬಿ ತರುವುದು, ಇರುವುದನ್ನು ಬೈಪಾಸ್ ಮಾಡುವುದಲ್ಲ. ಬಾಡಿಗೆ ಜನರೇಟರಿನಲ್ಲಿ ಇನ್ನೊಂದು ಮೋಸವಿದೆ: ಅದರ ನ್ಯೂಟ್ರಲ್ಲನ್ನು ಅರ್ಥ್ ಗೂಟಕ್ಕೆ ಕಟ್ಟದೆ ಬಿಟ್ಟಿದ್ದರೆ, ಯಾರಿಗಾದರೂ ಶಾಕ್ ಹೊಡೆಯುವ ಸ್ಥಿತಿ ಬಂದರೂ ಆರ್‌ಸಿಸಿಬಿ ಬೀಳದಿರಬಹುದು. ಟೆಸ್ಟ್ ಗುಂಡಿ ಒತ್ತಿದರೆ ಆಗಲೂ ಬೀಳುತ್ತದೆ, ಏಕೆಂದರೆ ಗುಂಡಿ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ, ನಿಮ್ಮ ಅರ್ಥಿಂಗನ್ನಲ್ಲ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳದೆ ಕಂಬದ ತಂತಿಗೆ ಕೊಂಡಿ ಹಾಕುವವರ ಬಗ್ಗೆ ಏನೂ ಹೇಳುವುದಿಲ್ಲ. ಅವರು ಈ ಪತ್ರ ಇಷ್ಟು ದೂರ ಓದಿರುವುದಿಲ್ಲ.

ನಮ್ಮ ಸೀಮೆಯಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಹಬ್ಬಗಳ ನಡುವೆಯೇ. ಡಬ್ಬಿಗೆ ವಯರು ಕೆಳಗಿನಿಂದ ಬರಲಿ, ಬರುವ ಮೊದಲು ಒಂದು ಇಳಿಜೋಲು ಬಿಟ್ಟಿರಲಿ, ಹರಿದು ಬಂದ ನೀರು ಅಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಸಂದಿಗೆ ಟೇಪು ಸುತ್ತಿದರೆ ಬಿಸಿಲಿಗೆ ಅಂಟು ಬಿಡುತ್ತದೆ. ಬೆಸೆದು ಹೀಟ್‌ಶ್ರಿಂಕ್ ಕೊಳವೆ ಹಾಕಿ. ಹಾಗೆಂದು ಎಸ್‌ಎಂಪಿಎಸ್ಸನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ತುರುಕಬೇಡಿ. ನೂರು ವ್ಯಾಟ್ ಕೊಡುವಾಗ ಅದು ಹದಿನೇಳು ಹದಿನೆಂಟು ವ್ಯಾಟಿನಷ್ಟು ಶಾಖ ಬಿಡುತ್ತಿರುತ್ತದೆ. ಗಾಳಿಗೆ ಬಿಟ್ಟ ಕಂಡಿಗೆ ಸೊಳ್ಳೆ ಬಲೆ ಅಂಟಿಸಿ. ಬಿಸಿಗೆ ಬಂದು ಮಲಗುವ ಹಲ್ಲಿ 230ರ ಎರಡು ಬಿಂದುಗಳ ನಡುವೆ ಬಾಲ ಇಟ್ಟರೆ ಹಲ್ಲಿಯೂ ಹೋಯಿತು, ಎಸ್‌ಎಂಪಿಎಸ್ಸೂ ಹೋಯಿತು. ದೀಪದ ವಯರನ್ನು ಮೈಕಿನ ವಯರಿನ ಪಕ್ಕದಲ್ಲಿ ಎಳೆಯಬಾರದು, ಭಜನೆಯ ನಡುವೆ ಗುಂಯ್ ಎನ್ನುವುದಕ್ಕೆ ಎಷ್ಟೋ ಸಲ ಮೈಕಿನವನು ಕಾರಣನಲ್ಲ.

ನಮ್ಮ ಕೋರಿಕೆ ಎರಡು. ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್ಕುಗಳು ಚೌತಿಗೆ ಮೊದಲಿನ ಎರಡು ಭಾನುವಾರ ತಮ್ಮ ಲ್ಯಾಬಿನ ಬಾಗಿಲು ತೆರೆದು, ಬೀದಿಯ ಹುಡುಗರು ತರುವ ಬೋರ್ಡುಗಳನ್ನು ಮೀಟರ್ ಇಟ್ಟು ನೋಡಿ ಕಳಿಸಲಿ. ಇದಕ್ಕೆ ಅನುದಾನ ಬೇಕಿಲ್ಲ, ಒಬ್ಬ ಮೇಷ್ಟ್ರು, ನಾಲ್ಕು ವಿದ್ಯಾರ್ಥಿಗಳು ಸಾಕು. ಪೆಂಡಾಲಿಗೆ ಅನುಮತಿ ಕೊಡುವವರು ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಲಿ: ಆರ್‌ಸಿಸಿಬಿ ಇದೆಯೇ, ಅರ್ಥಿಂಗ್ ಇದೆಯೇ.

ಬೋರ್ಡು ಕಟ್ಟಿದವರು ಪೆಂಡಾಲಿಗೆ ಒಯ್ಯುವ ಮೊದಲು ಮನೆಯಲ್ಲೇ ಪೂರ್ತಿ ಲೋಡು ಹಾಕಿ ಆರು ಗಂಟೆ ಓಡಿಸಿ. ಆಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ತಡಮಾಡದೆ 12 ವೋಲ್ಟಿನ ಕಡೆಯ ಫ್ಯೂಸು, ಸ್ಕ್ರೂ, ಮಾಸ್‌ಫೆಟ್ಟುಗಳ ಮೇಲೆ ಒಂದೊಂದಾಗಿ ಬೆರಳಿಡಿ. ಐದು ಎಣಿಸುವವರೆಗೆ ಬೆರಳು ನಿಲ್ಲದ ಜಾಗವಿದ್ದರೆ ಅಲ್ಲಿ ಸ್ಕ್ರೂ ಸಡಿಲವಿದೆ, ಇಲ್ಲವೇ ವಯರು ತೆಳುವಾಯಿತು.

ಇತಿ,
ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲ ಕೆಲವು ಓದುಗರು,
ತುಮಕೂರು